ಖಾಲಿ ಬುಟ್ಟಿಯ ಮೇಲಿನ ಗುಂಡುಕಲ್ಲು

ಪ್ರಾಚಿಯ ಮೇಲೆ ಯಾರು ಏನು ಬೇಕಾದರೂ ಆರೋಪ ಹೊರಿಸಲಿ, ಅವಳಿಗೆ ದಯೆ ಇಲ್ಲ ಎಂದು ಮಾತ್ರ ಹೇಳುವಂತಿಲ್ಲ. ಬೆಕ್ಕಿನ ಕಾಲು ಮುರಿದದ್ದೇ ಆ ದಯೆಯಿಂದ.

ಅವಳು ಓದಿ ಬೆಳೆದದ್ದೆಲ್ಲ ಪುಣೆಯಲ್ಲಿ. ಸೂಕ್ಷ್ಮಾಣುಗಳ ಶಾಸ್ತ್ರದಲ್ಲಿ ಎಮ್ಮೆಸ್ಸಿ. (ಸೂಕ್ಷ್ಮಾಣುಗಳ ಬಗ್ಗೆ ಅಷ್ಟೊಂದು ತಿಳಿದವರು ತಾಯಂದಿರಾಗಬಾರದು. ಹಾಗೇನಾದರೂ ಆದರೆ ತೊಟ್ಟಿಲಲ್ಲಿ ಕೂಸಿಗಿಂತ ಮೊದಲು ಅವೇ ಕಾಣಿಸತೊಡಗುತ್ತವೆ.) ಮದುವೆಯಾಗಿ ಧಾರವಾಡದ ಮಾಳಮಡ್ಡಿಗೆ ಬಂದು ಆರು ವರ್ಷ, ಮಗಳು ಈಶಾನಿ ಹುಟ್ಟಿ ನಾಲ್ಕು ವರ್ಷ. ಈ ನಾಲ್ಕು ವರ್ಷದಲ್ಲಿ ಪ್ರಾಚಿ ಚಿಂತೆಯನ್ನು ಒಂದು ಉದ್ಯೋಗವನ್ನಾಗಿ ಬೆಳೆಸಿದ್ದಳು. ಅದಕ್ಕೆ ರಜೆ ಇರಲಿಲ್ಲ, ಬಡ್ತಿ ಮಾತ್ರ ವರ್ಷಕ್ಕೊಮ್ಮೆ ತಪ್ಪದೆ ಸಿಗುತ್ತಿತ್ತು.

ಬೆಕ್ಕು ಅತ್ತೆಯದು. ಅತ್ತೆ ಸುಹಾಸಿನಿಬಾಯಿ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಸಂಗೀತ ಕಲಿಸಿ ನಿವೃತ್ತರಾದವರು. ಬೆಳಗಿನ ಐದಕ್ಕೆ ಹಿತ್ತಲ ಬಾಗಿಲಲ್ಲಿ ನಿಂತು ಹಾಲಿಗಾಗಿ ಆಲಾಪ ತೆಗೆಯುತ್ತಿದ್ದ ಆ ಬೂದು ಬಣ್ಣದ ಪ್ರಾಣಿಗೆ ‘ಭೈರವಿ’ ಎಂದು ಹೆಸರಿಟ್ಟವರು ಅವರೇ. ತಮ್ಮ ಶಿಷ್ಯೆಯರಲ್ಲಿ ಇಷ್ಟು ನೇಮದಿಂದ ರಿಯಾಜು ಮಾಡಿದವಳು ಇನ್ನೊಬ್ಬಳಿಲ್ಲ ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಅವರಿಗೆ ಲೋಕದಲ್ಲಿ ಎರಡೇ ವ್ಯಾಮೋಹ. ಒಂದು ಭೈರವಿ, ಇನ್ನೊಂದು ಚಹಾ. ಶುಂಠಿ ಜಜ್ಜಿ ಹಾಕಿದ ಚಹಾ, ದಿನಕ್ಕೆ ಐದು ಸಲ, ಕಪ್ಪಿನಿಂದ ಬಶಿಗೆ ಸುರುವಿಕೊಂಡು, ಕಣ್ಣು ಮುಚ್ಚಿ.

ಮಾವನವರ ಶ್ರಾದ್ಧದ ದಿನ ಬಂತು. ಆ ಮನೆಯಲ್ಲಿ ಶ್ರಾದ್ಧದ ದಿನ ಬೆಕ್ಕಿಗೊಂದು ಕಟ್ಟಳೆ ಇತ್ತು. ಅಡುಗೆಗೆ ಕೂಡುವ ಮುಂಚೆ ಅದನ್ನು ಹಿತ್ತಲಲ್ಲಿ ದೊಡ್ಡ ಬಿದಿರ ಬುಟ್ಟಿಯ ಕೆಳಗೆ ಮುಚ್ಚಬೇಕು, ಬುಟ್ಟಿಯ ಮೇಲೆ ರುಬ್ಬುವ ಗುಂಡು ಇಡಬೇಕು. ಬ್ರಾಹ್ಮಣರ ಊಟ ಮುಗಿದು ಎಲೆ ಎತ್ತಿದ ಮೇಲೆಯೇ ಅದರ ಬಿಡುಗಡೆ. ಪಿತೃಗಳಿಗಿಂತ ಮೊದಲು ಬೆಕ್ಕು ಬಾಯಿ ಹಾಕಿತೋ, ಮಾಡಿದ್ದೆಲ್ಲ ವ್ಯರ್ಥ. ಹಿಂದಿನ ವರ್ಷಗಳಲ್ಲಿ ಆ ಕೆಲಸವನ್ನು ಅತ್ತೆಯೇ ಮಾಡುತ್ತಿದ್ದರು. ಈ ವರ್ಷ ಬೆಳಗ್ಗೆಯೇ ಮಡಿಯುಟ್ಟು ಒಲೆಯ ಮುಂದೆ ಕೂತುಬಿಟ್ಟಿದ್ದರಿಂದ ಒಳಗಿಂದಲೇ ಕೂಗಿ ಹೇಳಿದರು.

“ಪ್ರಾಚಿ, ಭೈರವೀನ ಬುಟ್ಟಿ ಕೆಳಗ ಮುಚ್ಚಿಬಿಡವಾ. ಮ್ಯಾಲ ಗುಂಡು ಇಡೂದು ಮರೀಬ್ಯಾಡ.”

“ಅತ್ಯಾ, ಅದಕ್ಕ ಉಸಿರು ಕಟ್ಟಂಗಿಲ್ಲೇನ್ರಿ?”

“ಬಿದರಿನ ಬುಟ್ಟಿ ಅದು, ತಿಜೋರಿ ಅಲ್ಲ. ಲಗೂ ಮುಚ್ಚು, ವಡಿ ಕರೀಲಿಕ್ಕೆ ಶುರು ಮಾಡ್ತೀನಿ.”

ಪ್ರಾಚಿ ಬುಟ್ಟಿಯನ್ನು ನೋಡಿದಳು. ಗುಂಡನ್ನು ನೋಡಿದಳು. ತನ್ನ ಕಾಲಿಗೆ ಮೈ ತಿಕ್ಕುತ್ತಿದ್ದ ಭೈರವಿಯನ್ನು ನೋಡಿದಳು. ಕತ್ತಲೆ, ಒಂಟಿತನ, ಆತಂಕ, ಮಾನಸಿಕ ಆಘಾತ: ಮಕ್ಕಳ ಬಗ್ಗೆ ಫೋನಿನಲ್ಲಿ ಓದಿದ ಲೇಖನಗಳೆಲ್ಲ ಒಟ್ಟಿಗೆ ಎದ್ದು ನಿಂತವು. ಆಗ ಅವಳಿಗೆ ಒಂದು ಅದ್ಭುತವಾದ ಉಪಾಯ ಹೊಳೆಯಿತು. (ಪ್ರಾಚಿಗೆ ಹೊಳೆದ ಉಪಾಯಗಳೆಲ್ಲ ಮೊದಲ ಹತ್ತು ನಿಮಿಷ ಅದ್ಭುತವಾಗಿಯೇ ಇರುತ್ತಿದ್ದವು.)

ಬೆಕ್ಕನ್ನು ಎತ್ತಿಕೊಂಡು ಮಾಳಿಗೆಯ ಖೋಲಿಗೆ ಹೋದಳು. ಈಶಾನಿಯ ಹಳೆಯ ಗಾದಿ ಹಾಸಿದಳು, ಬಟ್ಟಲಲ್ಲಿ ನೀರಿಟ್ಟಳು, ಹವೆ ಆಡಲಿ ಎಂದು ಕಿಟಕಿಯನ್ನು ಒಂದು ಗೇಣು ತೆರೆದಳು, ಬಾಗಿಲು ಹಾಕಿಕೊಂಡು ಕೆಳಗಿಳಿದಳು. ಇನ್ನು ಅತ್ತೆಯ ಸಮಾಧಾನ. ಅಡುಗೆಮನೆಯಿಂದ ಕತ್ತು ಚಾಚಿದರೆ ಕಾಣುವ ಹಾಗೆ ಹಿತ್ತಲಲ್ಲಿ ಖಾಲಿ ಬುಟ್ಟಿಯನ್ನು ಬೋರಲು ಹಾಕಿ, ಅದರ ಮೇಲೆ ಎರಡೂ ಕೈಯಿಂದ ಗುಂಡನ್ನು ಎತ್ತಿಟ್ಟಳು. ಆ ಜಾಗ ಮಾಳಿಗೆಯ ಕಿಟಕಿಯ ನೇರ ಕೆಳಗಿತ್ತು. ಎಮ್ಮೆಸ್ಸಿಯಲ್ಲಿ ಸೂಕ್ಷ್ಮಾಣುಗಳಿದ್ದವು, ಗುರುತ್ವಾಕರ್ಷಣೆ ಇರಲಿಲ್ಲ.

“ಮುಚ್ಚಿದ್ಯೇನವಾ?”

“ಹ್ಞೂಂ ಅತ್ಯಾ.”

ಸುಳ್ಳಲ್ಲ. ಬುಟ್ಟಿ ಮುಚ್ಚಿದ್ದಂತೂ ನಿಜವೇ.

ಮಧ್ಯಾಹ್ನ. ಹುಬ್ಬಳ್ಳಿಯಿಂದ ಬಂದಿದ್ದ ಮಾವನ ತಮ್ಮ ವೆಂಕಣ್ಣಕಾಕಾ ದರ್ಭೆಯ ಉಂಗುರ ಸರಿಪಡಿಸಿಕೊಳ್ಳುತ್ತಿದ್ದರು. ಪ್ರಾಚಿಯ ಗಂಡ ಸುಶ್ರುತ ಪಿಂಡದ ಮುಂದೆ ಮಂಡಿಯೂರಿದ್ದ. ಕರಿದ ವಡೆಯ ವಾಸನೆ ಮನೆ ತುಂಬಿ, ಮೆಟ್ಟಿಲು ಹತ್ತಿ, ಮಾಳಿಗೆಯ ಖೋಲಿಗೂ ಹೋಗಿರಬೇಕು. ಹಿತ್ತಲಲ್ಲಿ ‘ದಬ್’ ಎಂದು ಒಂದು ಸದ್ದಾಯಿತು. ಅದರ ಹಿಂದೆಯೇ ಗಡಗಡ ಉರುಳಿದ ಸದ್ದು. ಆಮೇಲೆ ಭೈರವಿಯ ಕೂಗು. ಬೆಳಗಿನ ಆಲಾಪ ಅದಲ್ಲ.

ಮಡಿಯಲ್ಲಿದ್ದಾಗ ಆಕಾಶ ಬಿದ್ದರೂ ಅಡುಗೆಮನೆಯ ಹೊಸ್ತಿಲು ದಾಟದ ಸುಹಾಸಿನಿಬಾಯಿ ಎಲ್ಲರಿಗಿಂತ ಮೊದಲು ಹಿತ್ತಲಿಗೆ ಓಡಿದರು. ಬುಟ್ಟಿ ಮಗುಚಿ ಬಿದ್ದಿತ್ತು. ಗುಂಡು ಒಂದು ಮಾರು ದೂರ ಉರುಳಿತ್ತು. ನಡುವೆ ಭೈರವಿ, ಮುಂದಿನ ಬಲಗಾಲನ್ನು ಮೈಗೆ ಅಂಟಿಸಿಕೊಂಡು ನಡುಗುತ್ತಿತ್ತು. ಮೇಲೆ ತೆರೆದ ಕಿಟಕಿಯತ್ತ ಯಾರೂ ತಲೆ ಎತ್ತಲಿಲ್ಲ, ಪ್ರಾಚಿಯೊಬ್ಬಳ ಹೊರತು.

“ಅಯ್ಯಯ್ಯ, ಹೊರಗ ಬರಲಿಕ್ಕೆ ಒದ್ದ್ಯಾಡ್ಯಾಳ, ಗುಂಡು ಕಾಲ ಮ್ಯಾಲ ಬಿದ್ದದ!” ಅತ್ತೆ ಬೆಕ್ಕನ್ನು ಮಡಿಸೀರೆಯ ಸೆರಗಲ್ಲಿ ಎತ್ತಿಕೊಂಡರು. “ನಾನಽ ಗುಂಡು ಇಡು ಅಂದೆ. ಈ ಹುಡುಗಿ ಉಸಿರು ಕಟ್ಟತದ ಅಂತ ಬಡಕೊಂಡ್ಲು, ನಾ ಕೇಳಲಿಲ್ಲ. ಅವರ ಶ್ರಾದ್ಧದ ದಿನಾನಽ ನನ್ನ ಕೈಯಿಂದ ಇಂಥಾದ್ದು ಆತಲ್ಲೋ ಸುಶ್ರುತ!”

“ಅತ್ಯಾ, ಅದು…” ಪ್ರಾಚಿ ಬಾಯಿ ತೆರೆದಳು.

“ಶ್ರಾದ್ಧದ ದಿನ ಮನ್ಯಾಗ ಬೆಕ್ಕು ಸತ್ತರ ಬಂಗಾರದ ಬೆಕ್ಕು ಮಾಡಿಸಿ ದಾನಾ ಕೊಡಬೇಕಾಗ್ತದ, ನೆನಪಿರಲಿ,” ಎಂದರು ವೆಂಕಣ್ಣಕಾಕಾ ಗಂಭೀರವಾಗಿ.

“ಕಾಕಾ, ಈಗಿನ ಧಾರಣಿಯೊಳಗ ಮೀಸಿ ಅಷ್ಟಽ ಮಾಡಿಸಬಹುದು,” ಎಂದ ಸುಶ್ರುತ.

“ಸುಮ್ಮನಿರ್ರಿ ಇಬ್ಬರೂ!” ಅತ್ತೆಯ ಕಣ್ಣಲ್ಲಿ ನೀರಿತ್ತು. “ಕೇಳ್ರಿ. ಇಕಿ ನಾಕೂ ಕಾಲ ಮ್ಯಾಲ ನಡಿಯೂತನಕ ನಾ ಚಹಾ ಮುಟ್ಟಂಗಿಲ್ಲ. ಇದು ನನ್ನ ತಪ್ಪಿನ ಪ್ರಾಯಶ್ಚಿತ್ತ.”

ಚಹಾ ಬಿಡುವುದೆಂದರೆ ಆ ಮನೆಯಲ್ಲಿ ಸಂನ್ಯಾಸಕ್ಕಿಂತ ಒಂದು ಮೆಟ್ಟಿಲು ಮೇಲೆ.

ಪ್ರಾಚಿಯ ತೆರೆದ ಬಾಯಿ ತೆರೆದೇ ಇತ್ತು. ಆಗ ಒಂದೇ ಒಂದು ವಾಕ್ಯ ಸಾಕಿತ್ತು. ಆದರೆ ಒಳಗೆ ಬ್ರಾಹ್ಮಣರು ಕೈ ತೊಳೆದು ಎಲೆಯ ಮುಂದೆ ಕಾಯುತ್ತಿದ್ದರು, ಕಾಕಾ ಗಡಿಯಾರ ನೋಡುತ್ತಿದ್ದರು, ಈಶಾನಿ ಅಳುತ್ತಿದ್ದಳು. ಊಟವಾದ ಮೇಲೆ ಹೇಳಿದರಾಯಿತು ಎಂದುಕೊಂಡಳು. ಊಟವಾದ ಮೇಲೆ, ಡಾಕ್ಟರರಲ್ಲಿಗೆ ಹೋಗಿ ಬಂದ ಮೇಲೆ ಎಂದುಕೊಂಡಳು. ನಿಜ ಹೇಳುವ ಮಾತು ಹಾಲಿದ್ದಂತೆ, ಆ ಹೊತ್ತಿಗೆ ಕಾಯಿಸದಿದ್ದರೆ ಒಡೆಯುತ್ತದೆ.

ದನಕರುಗಳ ಜೊತೆ ನಾಯಿ ಬೆಕ್ಕುಗಳನ್ನೂ ನೋಡುತ್ತಿದ್ದ ಡಾಕ್ಟರ್ ಹುಸ್ನಾ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. “ಮುಂಗಾಲಿನ ಎಲುಬು ಮುರದೈತ್ರಿ. ಜಾಗಾ ಬಿಟ್ಟಿಲ್ಲ, ಪಟ್ಟಿ ಹಾಕಿದ್ರ ಕೂಡತೈತಿ. ಹೆಂಗಾತ್ರಿ ಇದು?”

ಅತ್ತೆ ಎಲ್ಲವನ್ನೂ ಹೇಳಿದರು, ಒಂದೊಂದು ವಾಕ್ಯಕ್ಕೂ ‘ನನ್ನಿಂದಽ’ ಎಂದು ಸೇರಿಸಿ. ಪ್ರಾಚಿಗೆ ತಡೆಯಲಾಗಲಿಲ್ಲ.

“ಡಾಕ್ಟರ್, ಸುಮ್ನ ಕೇಳ್ತೀನಿ. ಒಂದು ವ್ಯಾಳೆ ಅದು ಮಾಳಗಿ ಖಿಡಕಿಯಿಂದ ಕೆಳಗ ಜಿಗಿದಿದ್ರ?”

“ಅಷ್ಟು ಎತ್ತರದಿಂದ ಜಿಗದ್ರ ಬೆಕ್ಕಿಗೆ ಏನಾಕ್ಕೈತ್ರಿ? ಹೆಚ್ಚಾಗಿ ಆರಾಮ ಇಳೀತಾವು. ಕೆಳಗ ಏನರ ಅಡ್ಡ ಇದ್ದು, ಅದರ ಮ್ಯಾಲ ಬಿದ್ದ್ರ ಮಾತು ಬ್ಯಾರೆ.”

“ಅಂದ್ರ… ಬುಟ್ಟಿ, ಅದರ ಮ್ಯಾಲ ಒಂದು ಕಲ್ಲು, ಹಂಗ ಏನರ?”

ಡಾಕ್ಟರ್ ಹುಸ್ನಾ ಪಟ್ಟಿ ಸುತ್ತುವುದನ್ನು ನಿಲ್ಲಿಸಿ ನಕ್ಕರು. “ಬೆಕ್ಕು ಜಿಗಿಯೂ ಜಾಗಾಕ್ಕ ಬರಾಬರಿ ಬುಟ್ಟಿ ಇಟ್ಟು, ಮ್ಯಾಲೊಂದು ಕಲ್ಲು ಯಾರು ಇಡ್ತಾರ್ರೀ ಅಕ್ಕಾರ?”

ಅಷ್ಟು ದುಃಖದಲ್ಲೂ ಅತ್ತೆ ನಕ್ಕರು. ಪ್ರಾಚಿಯೂ ನಕ್ಕಳು. ಆ ನಗುವಿನ ರುಚಿ ಬಹಳ ದಿನ ಅವಳ ಬಾಯಲ್ಲಿ ಉಳಿಯಿತು. ಬುಟ್ಟಿಯ ಕೆಳಗೆ ಬೆಕ್ಕನ್ನು ಮುಚ್ಚಿದ್ದರೆ ಏನೂ ಆಗುತ್ತಿರಲಿಲ್ಲ. ಬುಟ್ಟಿಯನ್ನೇ ಇಡದೆ ಮಾಳಿಗೆಯಲ್ಲಿ ಬಿಟ್ಟಿದ್ದರೂ ಆಗುತ್ತಿರಲಿಲ್ಲ. ಬೆಕ್ಕಿಗೂ ದಯೆ, ಅತ್ತೆಗೂ ಸಮಾಧಾನ ಎಂದು ಎರಡನ್ನೂ ಮಾಡಿದ್ದಕ್ಕೆ ಕಾಲು ಮುರಿಯಿತು.

ಆರು ವಾರ ಪಟ್ಟಿ. ಜಿಗಿಯುವಂತಿಲ್ಲ, ಹತ್ತುವಂತಿಲ್ಲ, ಪಟ್ಟಿ ನೆನೆಯುವಂತಿಲ್ಲ, ನೆಕ್ಕದಂತೆ ಕೊರಳಿಗೆ ಎಣ್ಣೆ ಹೊಯ್ಯುವ ಆಲಿಕೆಯಂಥದೊಂದು ಪ್ಲಾಸ್ಟಿಕ್ ಪಟ್ಟಿ. ಪ್ರಾಚಿ ಮರುದಿನದಿಂದಲೇ ಶುಶ್ರೂಷೆಯ ಸಾಮ್ರಾಜ್ಯ ಸ್ಥಾಪಿಸಿದಳು. ಈಶಾನಿಯ ಕಟಕಟೆಯ ಹಳೆಯ ಮಂಚವನ್ನು ಅಟ್ಟದಿಂದ ಇಳಿಸಿ, ಬಿಸಿನೀರಲ್ಲಿ ಒರೆಸಿ, ಪಡಸಾಲೆಯಲ್ಲಿ ಇಟ್ಟಳು. ಫ್ರಿಜ್ಜಿನ ಬಾಗಿಲಿಗೆ ತಖ್ತೆ ಅಂಟಿಸಿದಳು: ಬೆಳಗಿನ ಗುಳಿಗೆ, ಸಂಜೆಯ ಗುಳಿಗೆ, ಹೊಟ್ಟೆಗೆ ಹೋದದ್ದೆಷ್ಟು, ಹೊರಗೆ ಬಂದದ್ದೆಷ್ಟು. ಫೋನಿನಲ್ಲಿ ದಿನಕ್ಕೆ ಏಳು ಸಲ ಗಂಟೆ ಹೊಡೆಯುತ್ತಿತ್ತು. ಬೆಕ್ಕು ಮುಟ್ಟುವ ಮೊದಲು ಕೈ ತೊಳೆಯುವುದು, ಮುಟ್ಟಿದ ಮೇಲೆ ಕೈ ತೊಳೆಯುವುದು, ತೊಳೆದದ್ದು ಮೊದಲಿನದೋ ಆಮೇಲಿನದೋ ಎಂದು ಸಂಶಯ ಬಂದರೆ ಇನ್ನೊಮ್ಮೆ ತೊಳೆಯುವುದು.

“ನನಗ ಟೈಫಾಯ್ಡ್ ಆದಾಗ ಇಷ್ಟು ಮಾಡಿದ್ದಿಲ್ಲ ನೀ,” ಎಂದ ಸುಶ್ರುತ.

“ನಿಮ್ಮ ಕಾಲು ನಾ ಮುರದಿದ್ದಿಲ್ಲ,” ಎಂದು ನಾಲಿಗೆಯ ತುದಿಗೆ ಬಂದದ್ದನ್ನು ಪ್ರಾಚಿ ನುಂಗಿದಳು.

ಭೈರವಿಗೆ ಇದ್ಯಾವುದರ ಉಪಕಾರ ಸ್ಮರಣೆಯೂ ಇರಲಿಲ್ಲ. ಗುಳಿಗೆಯನ್ನು ಪೇಢೆಯಲ್ಲಿ ಹುದುಗಿಸಿ ಕೊಟ್ಟರೆ ಪೇಢೆ ತಿಂದು ಗುಳಿಗೆಯನ್ನು ಶುದ್ಧ ಮಾಡಿ ಉಗುಳುತ್ತಿತ್ತು. ಅತ್ತೆ ಹತ್ತಿರ ಬಂದರೆ ಗುರುಗುರು ಎಂದು ತೋಳಿಗೆ ತಲೆ ಒತ್ತುತ್ತಿತ್ತು. ಪ್ರಾಚಿ ಹತ್ತಿರ ಬಂದರೆ ಆಲಿಕೆಯೊಳಗಿಂದ ದೊಡ್ಡ ಹಳದಿ ಕಣ್ಣು ಮಾಡಿ ‘ಹಿಸ್’ ಎನ್ನುತ್ತಿತ್ತು. ಸಾಕ್ಷಿ ಹೇಳಲು ಬಾಯಿ ಬಾರದ ಪ್ರಾಣಿ, ಆದಷ್ಟು ಪ್ರಯತ್ನ ಮಾಡುತ್ತಿತ್ತು. ಮೂರನೆಯ ದಿನ ಪ್ರಾಚಿಯ ಮುಂಗೈ ಮೇಲೆ ನಾಲ್ಕು ಗೆರೆ ಎಳೆಯಿತು. ಅವಳು ಓಡಿ ಹೋಗಿ ಚುಚ್ಚಿಸಿಕೊಂಡು ಬಂದಳು. ನಾಯಿ ಕಚ್ಚಿದವರಿಗೆ ಹಾಕುವ ಸೂಜಿ, ಕಂತಿನಲ್ಲಿ. ಅರ್ಹ ಶಿಕ್ಷೆ ಎಂದು ಅವಳಿಗೆ ಒಳಗೊಳಗೆ ಸಮಾಧಾನವೂ ಆಯಿತು.

ಪಥ್ಯದ ಪ್ರಶ್ನೆ ಇನ್ನೂ ದೊಡ್ಡದು. ಎಲುಬು ಕೂಡಬೇಕಾದರೆ ಮೊಟ್ಟೆ ಕೊಡಿ ಎಂದಿದ್ದರು ಡಾಕ್ಟರ್ ಹುಸ್ನಾ. ಮೂರು ತಲೆಮಾರಿನಿಂದ ಈರುಳ್ಳಿಯೂ ಏಕಾದಶಿಯಂದು ಒಳಗೆ ಬರದ ಮನೆ. ಪ್ರಾಚಿ ಮೊಟ್ಟೆಗಳನ್ನು ಡಯಪರಿನ ಖಾಲಿ ಪೆಟ್ಟಿಗೆಯಲ್ಲಿ ಅಡಗಿಸಿಟ್ಟು, ಬಚ್ಚಲಲ್ಲಿ ವಿದ್ಯುತ್ ಕೆಟಲಿನಲ್ಲಿ ಕುದಿಸಿ, ಊದುಬತ್ತಿ ಹಚ್ಚಿ ವಾಸನೆ ಮುಚ್ಚುತ್ತಿದ್ದಳು. ಐದನೆಯ ದಿನ ಬಚ್ಚಲ ಬಾಗಿಲಲ್ಲಿ ಅತ್ತೆ ನಿಂತಿದ್ದರು.

“ಬಚ್ಚಲದಾಗ ಯಾವ ದೇವರಿಗೆ ಊದಿನಕಡ್ಡಿ ಹಚ್ಚಲಿಕ್ಕತ್ತೀ?”

“ಅದು… ಔಷಧ್ರಿ ಅತ್ಯಾ. ಭೈರವೀದು.”

ಅತ್ತೆ ಕೆಟಲನ್ನು ನೋಡಿದರು, ಸೊಸೆಯನ್ನು ನೋಡಿದರು. “ಔಷಧ ಅಂದ್ರ ಔಷಧ. ನಾ ಹೆಸರು ಕೇಳಂಗಿಲ್ಲ, ನೀ ಹೇಳಬ್ಯಾಡ. ಈ ಪಾಪಾನೂ ನನ್ನ ಲೆಕ್ಕಕ್ಕಽ ಇರಲಿ.”

ಬೈದಿದ್ದರೆ ಎಷ್ಟು ಹಗುರಾಗುತ್ತಿತ್ತು!

ಅತ್ತೆಗೆ ಚಹಾ ಬಿಟ್ಟ ಎರಡನೆಯ ದಿನದಿಂದ ತಲೆಶೂಲೆ ಹಿಡಿಯಿತು. ಹಣೆಗೆ ಬಿಗಿಯಾಗಿ ಪಂಚೆಯ ತುಂಡು ಕಟ್ಟಿಕೊಂಡು ಬಿಸಿನೀರು ಕುಡಿಯುತ್ತ ಕೂಡುತ್ತಿದ್ದರು. ಬೇರೆಯವರು ಚಹಾ ಕುಡಿಯುವಾಗ ಎದ್ದು ಒಳಗೆ ಹೋಗುತ್ತಿದ್ದರು. ಒಮ್ಮೆ ಸುಶ್ರುತ ಕುಡಿದಿಟ್ಟ ಕಪ್ಪನ್ನು ಮೂಗಿನ ಹತ್ತಿರ ಹಿಡಿದು ನಿಂತಿದ್ದನ್ನು ಪ್ರಾಚಿ ಬಾಗಿಲ ಸಂದಿಯಿಂದ ನೋಡಿದಳು. ಕಪ್ಪನ್ನು ತೊಳೆಯಲು ಇಟ್ಟು, ತಮ್ಮನ್ನು ತಾವೇ ಗದರಿಕೊಳ್ಳುವಂತೆ ಅತ್ತೆ ಗಂಟಲು ಸರಿಪಡಿಸಿಕೊಂಡರು. ಅಂದು ಪ್ರಾಚಿಗೆ ಊಟ ಸೇರಲಿಲ್ಲ.

ಹತ್ತನೆಯ ದಿನ, ಮಂಚದ ಪಕ್ಕ ಕೂತು ಬೆಕ್ಕಿನ ತಲೆ ಸವರುತ್ತ ಅತ್ತೆ ಅಂದರು: “ಖರೇ ಹೇಳ್ತೀನಿ ಪ್ರಾಚಿ, ನನಗ ಇದೊಂದು ತಿಳೀವಲ್ದು. ಪ್ರತಿ ವರ್ಷ ಬುಟ್ಟಿ ತಂದಿಟ್ಟ ಕೂಡಲೇ ತಾನಽ ಹೋಗಿ ಕೆಳಗ ಕೂಡ್ತಿದ್ಲು. ಅಕಿಗೆ ಆ ಕತ್ತಲಾಗ ಭಾಳ ಸುಖ. ಸಂಜೀಮುಂದ ಬುಟ್ಟಿ ತಗದ್ರೂ ಏಳ್ತಿದ್ದಿಲ್ಲ. ಗುಂಡು ಇಡೂದು ನಮ್ಮ ಸಮಾಧಾನಕ್ಕಷ್ಟಽ. ಈ ವರ್ಷಽ ಯಾಕ ಹಿಂಗ ಒದ್ದ್ಯಾಡಿದ್ಲೋ!”

ಪ್ರಾಚಿ ಆರು ವರ್ಷ ಒಂದೇ ಮನೆಯಲ್ಲಿದ್ದು, ಬೆಕ್ಕಿನ ಮನಸ್ಸಿನ ಬಗ್ಗೆ ಅಮೇರಿಕಾದವರು ಬರೆದದ್ದನ್ನು ಓದಿದ್ದಳು. ಈ ಬೆಕ್ಕಿಗೆ ಏನು ಹಿತ ಎಂದು ಪಕ್ಕದಲ್ಲಿದ್ದ ಅತ್ತೆಯನ್ನು ಒಂದು ಮಾತು ಕೇಳಿರಲಿಲ್ಲ. ಕೇಳಿದ್ದರೆ ಅರ್ಧ ನಿಮಿಷದ ಕೆಲಸ.

“ಅತ್ಯಾ, ನಿಮಗೊಂದು ಹೇಳಬೇಕಿತ್ತು,” ಎಂದು ಶುರು ಮಾಡಿದಳು.

“ಬಾಯಾರ, ನೀರು ಬಿಟ್ಟಿಲ್ಲೇನ್ರಿ ಇವತ್ತ?” ಎನ್ನುತ್ತ ಪಾತ್ರೆ ತಿಕ್ಕುವ ಬಾಳವ್ವ ಒಳಗೆ ಬಂದಳು. ನೀರಿನ ಮಾತು ಬಂದರೆ ಧಾರವಾಡದಲ್ಲಿ ಬೇರೆ ಮಾತೆಲ್ಲ ಬಂದ್. ಎಲ್ಲರೂ ಕೊಡ ಹುಡುಕಲು ಎದ್ದರು.

ಗಂಡನಿಗಾದರೂ ಹೇಳೋಣವೆಂದು ಒಂದು ಮುಂಜಾನೆ ನೋಡಿದಳು. ಸುಶ್ರುತ ಹುಬ್ಬಳ್ಳಿಯ ಕಾಲೇಜಿಗೆ ಹೊರಡಲು ಬೂಟಿನ ಲೇಸು ಕಟ್ಟುತ್ತಿದ್ದ. ಅವಳ ಮುಖ ನೋಡಿ, “ಏನಽ, ಮಾರಿ ಹಿಂಗ ಮಾಡೀ? ನೀನಽ ಬೆಕ್ಕಿನ ಕಾಲು ಮುರದೀ ಅನಬೇಕು ನೋಡಿದವರು!” ಎಂದ.

“ಹೌದ್ರಿ, ನಾನಽ,” ಎಂದಳು ಪ್ರಾಚಿ.

“ಛಲೋ ಆತು,” ಎಂದು ನಕ್ಕು, ಬ್ಯಾಗು ಹೆಗಲಿಗೇರಿಸಿ ಅವನು ಬಸ್ಸಿಗೆ ಓಡಿದ.

ಹೀಗೆ ಐದು ವಾರ ಕಳೆದವು. ಅಷ್ಟರಲ್ಲಿ ಪ್ರಾಚಿಯ ಒಳಗಿನ ಮಾತು ಬೆಕ್ಕಿನ ಎಲುಬಿನ ಹಾಗೆಯೇ ಗಟ್ಟಿಯಾಗಿ ಕೂತುಬಿಟ್ಟಿತ್ತು. ಒಂದು ದಿನ ಈಶಾನಿ ಡಾಕ್ಟರಾಟ ಆಡುತ್ತ ಬೆಕ್ಕಿನ ಔಷಧದ ಬಾಟಲಿಯನ್ನು ಪೂರ್ತಿ ನೆಲಕ್ಕೆ ಸುರುವಿದಳು. ಎರಡು ಕ್ಷಣ ನಿಂತಳು. ನಂತರ ನೇರ ಅಜ್ಜಿಯ ಹತ್ತಿರ ಹೋಗಿ, “ಅಜ್ಜಿ, ನಾನಽ ಚೆಲ್ಲಿದೆ,” ಎಂದಳು.

“ಖರೇ ಹೇಳಿದ್ಯಲ್ಲ, ಶಾಣ್ಯಾಕಿ,” ಎಂದು ಅಜ್ಜಿ ಅವಳ ಕೈಗೆ ಒಂದು ಹಿಡಿ ಶೇಂಗಾ, ಬೆಲ್ಲದ ಚೂರು ಹಾಕಿದರು. ಮುಗಿಯಿತು. ಈಶಾನಿ ಬೆಲ್ಲ ಚೀಪುತ್ತ ಹೋದಳು. ನಾಲ್ಕು ವರ್ಷದ ಕೂಸು ಅಷ್ಟು ಸರಾಗವಾಗಿ ದಾಟಿದ ಹಳ್ಳದ ದಂಡೆಯಲ್ಲಿ ಎಮ್ಮೆಸ್ಸಿಯೊಬ್ಬಳು ಒಂದು ತಿಂಗಳಿಂದ ಸೀರೆ ಎತ್ತಿ ಹಿಡಿದು ನಿಂತಿದ್ದಳು. ನೆಲ ಒರೆಸುತ್ತ ಪ್ರಾಚಿ ಶಪಥ ಮಾಡಿದಳು. ಪಟ್ಟಿ ಬಿಚ್ಚಿದ ದಿನ ಹೇಳಿಯೇ ತೀರುವುದು. ಯಾರು ಅಡ್ಡ ಬಂದರೂ, ನಲ್ಲಿಗೆ ನೀರು ಬಂದರೂ.

ಪಟ್ಟಿ ಬಿಚ್ಚಿದ ದಿನ ಭಾನುವಾರ. ಸುದ್ದಿ ತಿಳಿದು ವೆಂಕಣ್ಣಕಾಕಾ ಹುಬ್ಬಳ್ಳಿಯಿಂದ ಬಂದಿದ್ದರು. (ಬಂಗಾರದ ಬೆಕ್ಕಿನ ಪ್ರಸಂಗ ಒದಗಲಿಲ್ಲವೆಂದು ಅವರಿಗೆ ಸಂತೋಷವೋ ನಿರಾಸೆಯೋ ತಿಳಿಯುತ್ತಿರಲಿಲ್ಲ.) ಡಾಕ್ಟರ್ ಹುಸ್ನಾ ಬೆಳಗ್ಗೆಯೇ ಪಟ್ಟಿ ತೆಗೆದು, “ಇಷ್ಟು ಛಲೋ ಕೂಡಿದ್ದು ನಾ ಕಡಿಮಿ ನೋಡೇನ್ರಿ, ಆರೈಕಿ ಮಾಡಿದವರ ಕೈಗುಣ,” ಎಂದಿದ್ದರು. ಭೈರವಿಯನ್ನು ಪಡಸಾಲೆಯ ನಡುವೆ ಬಿಟ್ಟು ಎಲ್ಲರೂ ಸುತ್ತ ನಿಂತರು. ಅದು ಬಲಗಾಲನ್ನು ಒಮ್ಮೆ ಜಾಡಿಸಿತು. ಊರಿತು. ಒಂದು ಹೆಜ್ಜೆ, ಎರಡು ಹೆಜ್ಜೆ. ಆಮೇಲೆ ಯಾರ ಕಡೆಗೂ ನೋಡದೆ ನಾಲ್ಕೂ ಕಾಲಿನ ಮೇಲೆ ಮಹಾರಾಣಿಯ ಹಾಗೆ ನಡೆದು ಅಡುಗೆಮನೆಗೆ ಹೋಯಿತು.

“ನಡದ್ಲು! ಅಜ್ಜೀ, ನಡದ್ಲು!” ಈಶಾನಿ ಕುಣಿದಳು.

“ಅವ್ವಾ, ಇನ್ನರ ಚಹಾ ಕುಡಿ,” ಎಂದ ಸುಶ್ರುತ. “ಮನ್ಯಾಗ ಇನ್ನೊಂದು ಪೇಶಂಟಿಂದೂ ಪಟ್ಟಿ ಬಿಚ್ಚಲಿ.”

ಅತ್ತೆ ಹಣೆಗೆ ಕಟ್ಟಿದ ಬಟ್ಟೆ ಬಿಚ್ಚಿ ಒಲೆಯ ಮುಂದೆ ನಿಂತರು. ಆರು ವಾರದ ನಂತರ ಆ ಕೈ ಶುಂಠಿ ಜಜ್ಜಿತು. ವಾಸನೆ ಮನೆ ತುಂಬಿತು. ಮೊದಲ ಕಪ್ಪು ಅವರೇ ಕುಡಿಯಬೇಕೆಂದು ಎಲ್ಲರೂ ಹಟ ಹಿಡಿದರು. ಅತ್ತೆ ಕೂತು, ಬಶಿಗೆ ಹಾಕಿ, ಊದಿ, ಕಣ್ಣು ಮುಚ್ಚಿ, ಬಶಿಯನ್ನು ತುಟಿಯ ಹತ್ತಿರ ತಂದರು.

ಒಂದು ಗುಟುಕಿನಷ್ಟು ಹೊತ್ತು ತಡೆದಿದ್ದರೆ!

ಆದರೆ ಪ್ರಾಚಿಗೆ ಆ ಮುಚ್ಚಿದ ಕಣ್ಣು ನೋಡಿ ತಡೆಯಲಾಗಲಿಲ್ಲ. “ಅತ್ಯಾ!” ಎಂದು ಅವರ ಮುಂದೆ ಕುಸಿದು ಕೂತಳು. “ನಿಮ್ಮದೇನೂ ತಪ್ಪಿಲ್ರಿ. ನಾ ಭೈರವೀನ ಬುಟ್ಟಿ ಕೆಳಗ ಮುಚ್ಚಿದ್ದಽ ಇಲ್ಲ. ಮಾಳಗಿಯೊಳಗ ಇಟ್ಟಿದ್ದೆ. ಖಿಡಕಿ ತೆರದಿಟ್ಟಿದ್ದೆ. ನಿಮಗ ಕಾಣಲಿ ಅಂತ ಖಾಲಿ ಬುಟ್ಟಿ ಇಟ್ಟು ಅದರ ಮ್ಯಾಲ ಗುಂಡು ಇಟ್ಟೆ. ಅದು ಮ್ಯಾಲಿಂದ ಜಿಗಿದು ಅದರ ಮ್ಯಾಲಽ ಬಿತ್ತು. ಎಲ್ಲಾ ನಂದಽ ತಪ್ಪು.”

ಅತ್ತೆ ಕಣ್ಣು ತೆರೆದರು. ಬಶಿಯನ್ನು ಮೆಲ್ಲಗೆ ಕೆಳಗಿಟ್ಟರು. ಪ್ರಾಚಿ ಬೈಗುಳಕ್ಕೆ ತಲೆಯೊಡ್ಡಿ ಕೂತಳು. ಆರು ವಾರದಲ್ಲಿ ಮೊದಲ ಬಾರಿ ಎದೆ ಹಗುರವಾಗಿತ್ತು.

“ಪ್ರಾಚಿ,” ಎಂದರು ಅತ್ತೆ. “ಸುಳ್ಳು ಹೇಳಲಿಕ್ಕೂ ಬರಂಗಿಲ್ಲಲ್ಲವಾ ನಿನಗ.”

“ಅತ್ಯಾ?”

“ಖಾಲಿ ಬುಟ್ಟಿ ಬೋರಲು ಹಾಕಿ ಮ್ಯಾಲ ಗುಂಡು ಇಡ್ತಾರೇನ ಯಾರರ? ಹುಚ್ಚರು ಸೈತ ಇಡಂಗಿಲ್ಲ. ನೀ ಎಮ್ಮೆಸ್ಸಿ ಓದೀಕಿ. ಮಾಳಗಿಯಿಂದ ಜಿಗಿದ್ರ ಬೆಕ್ಕಿಗೆ ಏನೂ ಆಗಂಗಿಲ್ಲ ಅಂತ ಡಾಕ್ಟರಬಾಯಿ ಅವತ್ತಽ ಹೇಳ್ಯಾರ.” ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. “ಈಗ ತಿಳೀತು, ಅವತ್ತು ನೀ ಅವರನ್ನ ಯಾಕ ಹಂಗ ಕೇಳಿದೀ ಅಂತ. ನನ್ನ ತಪ್ಪು ನಿನ್ನ ತಲೀ ಮ್ಯಾಲ ಹೊತಗೊಳ್ಳಲಿಕ್ಕೆ ಅವತ್ತಿನಿಂದಽ ದಾರಿ ಹುಡುಕಲಿಕ್ಕತ್ತಿದ್ದಿ.”

“ಇಲ್ರೀ ಅತ್ಯಾ! ಖರೇ! ಖಿಡಕಿ ತೋರಸ್ತೀನಿ ಬರ್ರಿ, ಗಾದಿ ಇನ್ನೂ ಅಲ್ಲೇ ಅದ…”

“ಗಾದಿನೂ ಹಾಸಿಟ್ಟಾಳ ನೋಡ್ರಿ, ಸಾಕ್ಷಿಗೆ ಅಂತ,” ಎಂದರು ವೆಂಕಣ್ಣಕಾಕಾ, ಕನ್ನಡಕ ತೆಗೆದು ಒರೆಸುತ್ತ. “ವೈನಿ, ನಮ್ಮ ಮನಿತನದಾಗ ಇಂಥಾ ಸೊಸಿ ಬಂದಿದ್ದು ಅಣ್ಣನ ಪುಣ್ಯಾ. ಬಂಗಾರದ ಬೆಕ್ಕು ಯಾಕ ಬೇಕು, ಬಂಗಾರದ ಸೊಸಿನಽ ಅದಾಳ.”

“ಕಾಕಾ, ನಿಮ್ಮ ಕಾಲಿಗೆ ಬೀಳ್ತೀನಿ, ನನ್ನ ಮಾತು ಕೇಳ್ರಿ!”

“ನೋಡ್ರಿ, ಕಾಲಿಗೆ ಬ್ಯಾರೆ ಬೀಳ್ತಾಳ!” ಕಾಕಾ ಅಳತೊಡಗಿದರು.

ಹಿತ್ತಲ ಬಾಗಿಲಲ್ಲಿ ಕೈಯಲ್ಲಿ ಬೋಗುಣಿ ಹಿಡಿದು ಬಾಳವ್ವ ನಿಂತಿದ್ದಳು. ಅವಳ ಮುಖದ ಮೇಲೆ, ಈ ಸುದ್ದಿ ಮೊದಲು ಯಾವ ಮನೆಗೆ ಮುಟ್ಟಿಸಬೇಕು ಎಂಬ ಲೆಕ್ಕಾಚಾರ ಸ್ಪಷ್ಟವಾಗಿ ನಡೆದಿತ್ತು. ಸಂಜೆಯೊಳಗೆ ಮಾಳಮಡ್ಡಿಯ ಅತ್ತೆಯರೆಲ್ಲ ತಮ್ಮ ಸೊಸೆಯರ ಮುಂದೆ ಪ್ರಾಚಿಯ ಹೆಸರು ತೆಗೆಯುವುದು, ನಾಳೆಯಿಂದ ಆ ಸೊಸೆಯರೆಲ್ಲ ಪ್ರಾಚಿಯನ್ನು ಕಂಡರೆ ಮುಖ ತಿರುಗಿಸುವುದು ಖಚಿತವಾಯಿತು.

ಅತ್ತೆ ಸೊಸೆಯ ತಲೆ ಸವರಿದರು. “ಬೆಕ್ಕಿನ ಕಾಲು ಮುರದದ್ದು ಒಂದು ತಪ್ಪು. ತಪ್ಪಿಲ್ಲದ ಕೂಸು ಆರು ವಾರ ಹಗಲೂ ರಾತ್ರಿ ಆರೈಕಿ ಮಾಡಿ, ಕಡೀಕ ನನ್ನ ಸಲುವಾಗಿ ಸುಳ್ಳು ಹೇಳೂಹಂಗ ಆತಲ್ಲ, ಅದು ಅದಕ್ಕಿಂತ ದೊಡ್ಡ ತಪ್ಪು. ಇದಕ್ಕೂ ಪ್ರಾಯಶ್ಚಿತ್ತ ಆಗಬೇಕು. ಮುಂದಿನ ವರ್ಷ ಅವರ ಶ್ರಾದ್ಧದ ತನಕ ನನಗ ಚಹಾ ಬ್ಯಾಡ.”

“ಅತ್ಯಾ!” ಪ್ರಾಚಿ ಚೀರಿದಳು.

ಸುಶ್ರುತ ಹೆಂಡತಿಯ ಮುಖವನ್ನು ನೋಡಿದ. ಬಹಳ ಹೊತ್ತು ನೋಡಿದ. ಬೂಟಿನ ಲೇಸು ಕಟ್ಟುತ್ತಿದ್ದ ಆ ಮುಂಜಾನೆ ಅವನಿಗೆ ನೆನಪಾಯಿತೋ ಏನೋ, ಹುಬ್ಬು ನಿಧಾನಕ್ಕೆ ಮೇಲೇರಿದವು. ಪಕ್ಕಕ್ಕೆ ಬಂದು ಅವಳಿಗೊಬ್ಬಳಿಗೇ ಕೇಳುವಂತೆ ಅಂದ: “ಇನ್ನ ಸುಮ್ಮನಾಗು. ಮತ್ತಽ ಒಂದು ಸಲ ಖರೇ ಹೇಳಿದಿ ಅಂದ್ರ ಅವ್ವ ಊಟಾನೂ ಬಿಡ್ತಾಳ.”

ಪ್ರಾಚಿ ಸುಮ್ಮನಾದಳು.

ಅತ್ತೆ ಬಶಿಯನ್ನು ಎರಡೂ ಕೈಯಲ್ಲಿ ಎತ್ತಿ ಸೊಸೆಯ ಕೈಗೆ ಕೊಟ್ಟರು. “ತಗೋ, ನನ್ನ ಪಾಲಿಂದು ನೀ ಕುಡಿ. ನೀ ಕುಡದ್ರ ನನಗ ಮುಟ್ಟತದ.” ತಮಗೊಂದು ಲೋಟ ಬಿಸಿನೀರು ಬಗ್ಗಿಸಿಕೊಂಡು ಎದುರಿಗೆ ಕೂತು, ಮಗಳನ್ನು ನೋಡುವಂತೆ ನೋಡತೊಡಗಿದರು. ಕುಡಿಯದೆ ಗತಿಯಿರಲಿಲ್ಲ. ಪ್ರಾಚಿ ಒಂದು ಗುಟುಕು ನುಂಗಿದಳು. ಕಹಿ ಗಂಟಲಿಗೆ ಹತ್ತಿತು. ಆರು ವಾರದ ಮೇಲೆ ಚಹಾ ಮಾಡುವ ಸಡಗರದಲ್ಲಿ ಅತ್ತೆ ಸಕ್ಕರೆ ಹಾಕುವುದನ್ನೇ ಮರೆತಿದ್ದರು.

“ಹೆಂಗಾಗ್ಯದವಾ? ಕೈ ರೂಢಿ ತಪ್ಪಿತ್ತು. ಸಕ್ರಿ ಸಾಕೇನು?”

ಪ್ರಾಚಿ ಅವರ ಮುಖ ನೋಡಿದಳು. ಬಶಿಯನ್ನು ತಳ ಕಾಣುವವರೆಗೆ ಕುಡಿದಳು.

“ಬರಾಬರಿ ಆಗ್ಯದ್ರಿ ಅತ್ಯಾ,” ಎಂದಳು.